ರೂಂ ಟೆಂಪರೇಚರ್ ಅಂದರೆ ಯಾವ ರೂಮು?

ಬೇಕಿಂಗ್ ವಿಡಿಯೋಗಳಲ್ಲಿ ಮೊದಲ ಮಾತು ಹೆಚ್ಚುಕಡಿಮೆ ಒಂದೇ. ಬೆಣ್ಣೆ ರೂಂ ಟೆಂಪರೇಚರ್‌ನಲ್ಲಿ ಇರಬೇಕು. ನಾನು ಮೊದಲ ಸಲ ಬಿಸ್ಕಿಟ್ ಮಾಡಲು ಹೊರಟ ದಿನ ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ನೂರು ಗ್ರಾಂ ಬೆಣ್ಣೆ ಬಟ್ಟಲಿಗೆ ಹಾಕಿ ಅಡುಗೆಮನೆಯ ಕಟ್ಟೆ ಮೇಲಿಟ್ಟೆ. ಪೇಪರ್ ಓದಿದೆ. ಸ್ನಾನ ಮಾಡಿ ಬಂದೆ. ಬಟ್ಟಲಲ್ಲಿ ಹಳದಿ ನೀರಿತ್ತು. ಕಲಬುರಗಿ, ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂವರೆ. ಹೊರಗೆ 42 ಡಿಗ್ರಿ.

ಅವ್ವ ಬಂದು ಇಣುಕಿ ನೋಡಿದಳು. "ತುಪ್ಪ ಕಾಸ್ಲತ್ತಿ ಏನು? ಒಲಿ ಹಚ್ಚೇ ಇಲ್ಲಲ್ಲ" ಅಂದಳು.

ಅದು 2020. ದೇಶದಲ್ಲಿ ಕೊರೊನಾಕ್ಕೆ ಮೊದಲು ಜೀವ ಕಳೆದುಕೊಂಡವರು ನಮ್ಮೂರಿನವರು. ಮಾರ್ಚ್ 10ಕ್ಕೆ. ಹಾಗಾಗಿ ದೇಶ ಬಾಗಿಲು ಹಾಕುವ ಮುಂಚೆಯೇ ನಮ್ಮ ಓಣಿ ಬಾಗಿಲು ಹಾಕಿಕೊಂಡಿತ್ತು. ನಾನು ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಕೆಲವು ವಾರ ಕೆಲಸ ಇರಲಿಲ್ಲ. ಮಗಳಿಗೆ ಸ್ಕೂಲ್ ಇರಲಿಲ್ಲ. ಅವಳು ಮೊಬೈಲ್ ಹಿಡಿದು ಬಂದು, "ಅಪ್ಪಾ, ಇದನ್ನ ಮಾಡೋಣ" ಅಂದಳು. ಪರದೆಯ ಮೇಲೆ ಯಾವುದೋ ಊರಿನ ಬಿಳಿ ಅಡುಗೆಮನೆ. ಕಿಟಕಿಯ ಆಚೆ ಹಿಮ ಬೀಳುತ್ತಿತ್ತು. ಆ ಹಿಮವನ್ನು ನಾನು ಆಗ ಗಮನಿಸಬೇಕಿತ್ತು.

ಕರಗಿದ ಬೆಣ್ಣೆಯಲ್ಲೇ ಬಿಸ್ಕಿಟ್ ಮಾಡಿದೆವು. ತಟ್ಟೆಯಲ್ಲಿ ಹನ್ನೆರಡು ಉಂಡೆ ಇಟ್ಟಿದ್ದೆವು. ಹೊರಗೆ ಬಂದಿದ್ದು ಒಂದು. ಎಲ್ಲ ಹರಡಿ, ಒಂದಕ್ಕೊಂದು ಅಂಟಿ, ಅಂಚು ಕಪ್ಪಾಗಿ, ತಟ್ಟೆಯಗಲದ ಒಂದೇ ಹಪ್ಪಳ ಆಗಿತ್ತು. ಮಗಳು ಅದನ್ನು ಮುರಿದು ಮುರಿದು ತಿಂದಳು. ರುಚಿ ಕೆಟ್ಟಿರಲಿಲ್ಲ, ಅದು ಬೇರೆ ಮಾತು.

ಯಾಕೆ ಹೀಗಾಯಿತು ಅಂತ ಗೊತ್ತಾಗಲು ನನಗೆ ಎರಡು ಬೇಸಿಗೆ ಬೇಕಾಯಿತು. ರೆಸಿಪಿ ಬರೆದವರ ರೂಮು 20 ಡಿಗ್ರಿ ಆಸುಪಾಸಿನದು. ಆ ತಂಪಿನಲ್ಲಿ ಬೆಣ್ಣೆ ಬೆರಳು ಒತ್ತಿದರೆ ತಗ್ಗುವಷ್ಟು ಮೆತ್ತಗಿರುತ್ತದೆ, ಕರಗಿರುವುದಿಲ್ಲ. ಸಕ್ಕರೆ ಹಾಕಿ ತಿಕ್ಕಿದಾಗ ಆ ಮೆತ್ತನೆಯ ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತವೆ. ಬಿಸ್ಕಿಟ್ ಹಗುರಾಗುವುದು ಅದರಿಂದ. ನೀರಾದ ಬೆಣ್ಣೆ ಗಾಳಿಯನ್ನು ಹಿಡಿದಿಡುವುದಿಲ್ಲ. ಒಲೆಯ ಬಿಸಿ ತಾಗಿ ಹಿಟ್ಟು ಗಟ್ಟಿಯಾಗುವ ಮೊದಲೇ ಎಲ್ಲ ಹರಿದು ಹೋಗುತ್ತದೆ. ನಾನು ಅಳತೆಯಲ್ಲಿ ತಪ್ಪಿರಲಿಲ್ಲ. ಬೇರೆ ಯಾರದೋ ಮನೆಯ ಹವೆಯನ್ನು ನಮ್ಮ ಮನೆಯದು ಅಂದುಕೊಂಡಿದ್ದೆ.

ನಾನು ಸಣ್ಣವನಿದ್ದಾಗ ಕಲಬುರಗಿಯ ನಮ್ಮಂಥ ಮನೆಗಳಲ್ಲಿ ಓವನ್ ಇರಲಿಲ್ಲ. ಆದರೆ ಮನೆಯ ಬಿಸ್ಕಿಟ್ ಇತ್ತು. ಈಗಿನ ಹುಡುಗರಿಗೆ ಇದು ಒಗಟಿನ ಹಾಗೆ ಕೇಳಿಸುತ್ತದೆ, ಅಲ್ವಾ? ದೀಪಾವಳಿ ಹತ್ತಿರ ಬಂದಾಗ ಅವ್ವ ಒಂದು ಕಿಲೋ ಮೈದಾ, ಬೀಸಿದ ಸಕ್ಕರೆ, ಡಾಲ್ಡಾ, ಒಂದು ಪುಡಿಕೆಯಲ್ಲಿ ಏಲಕ್ಕಿ ಎಲ್ಲ ಕಟ್ಟಿಕೊಡುತ್ತಿದ್ದಳು. ಅದನ್ನು ಸೈಕಲ್ಲಿಗೆ ಹೇರಿ ಹಳೇ ಊರಿನ ಒಂದು ಗಲ್ಲಿಯ ಭಟ್ಟಿಗೆ ಒಯ್ಯುವುದು ನನ್ನ ಕೆಲಸ. ಜೊತೆಗೆ ಖಾಲಿ ಎಣ್ಣೆ ಡಬ್ಬಿ. ಭಟ್ಟಿಯ ಚಾಚಾ ನಮ್ಮ ಸಾಮಾನು ಕಲಸಿ, ಉಂಡೆ ಕಟ್ಟಿ, ಕಪ್ಪು ತಗಡಿನ ಮೇಲೆ ಸಾಲಾಗಿ ಇಟ್ಟು, ಉದ್ದ ಕೋಲಿನಿಂದ ಒಳಗೆ ತಳ್ಳುತ್ತಿದ್ದ. ಅವನಿಗೆ ಕೂಲಿ ಕೊಟ್ಟರೆ ಸಾಕು. ನಾನಕಟಾಯಿ ನಮ್ಮದೇ.

ಆ ಗಲ್ಲಿಯಲ್ಲಿ ಹಬ್ಬದ ಮುಂಚೆ ಪಾಳಿ ಹಚ್ಚಿ ಕೂಡಬೇಕಿತ್ತು. ನಮ್ಮ ಹಬ್ಬಕ್ಕೂ ಪಾಳಿ, ರಂಜಾನ್‌ಗೂ ಪಾಳಿ. ನಮ್ಮ ಊರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಸಂಸ್ಥಾನ ಹೋಯಿತು, ಚಹಾದಲ್ಲಿ ಬಿಸ್ಕಿಟ್ ಅದ್ದುವ ಚಟ ಉಳಿಯಿತು. ನಾನಕಟಾಯಿಯಲ್ಲಿರುವ ನಾನ್ ಅಂದರೆ ಪಾರ್ಸಿಯಲ್ಲಿ ರೊಟ್ಟಿ. ಇದನ್ನು ಒಮ್ಮೆ ಅವ್ವನಿಗೆ ಹೇಳಿದೆ. ಜೋಳದ್ದು ಬಿಟ್ಟು ಬೇರೆ ಯಾವುದನ್ನೂ ರೊಟ್ಟಿ ಅನ್ನಲು ಅವಳು ತಯಾರಿಲ್ಲ. "ಅಂದ್ರ ಅಂದ್ಕೊಳ್ಳಲಿ" ಅಂತ ಸುಮ್ಮನಾದಳು.

ಪಾಳಿಯಲ್ಲಿ ಕೂತು ಕೂತು ನಾನು ನೋಡಿದ್ದು ಚಾಚಾನ ಬೆಂಕಿಯ ಲೆಕ್ಕ. ಅವನು ಭಟ್ಟಿಗೆ ಕಟ್ಟಿಗೆ ಹಾಕಿ ಚೆನ್ನಾಗಿ ಕಾಯಿಸಿ ಆಮೇಲೆ ಕೆಂಡ ಎಳೆಯುತ್ತಿದ್ದ. ಮೊದಲ ಜೋರು ಕಾವಿಗೆ ಪಾವು. ಕಾವು ಸ್ವಲ್ಪ ಇಳಿದ ಮೇಲೆ ನಾನಕಟಾಯಿ. ಎಲ್ಲ ಮುಗಿದು ಭಟ್ಟಿ ಬರೀ ಬೆಚ್ಚಗಿರುವಾಗ ಹೆಚ್ಚಿದ ಬ್ರೆಡ್ಡು ಒಳಗೆ ಹೋಗಿ, ರಾತ್ರಿಯೆಲ್ಲ ಒಣಗಿ, ಬೆಳಿಗ್ಗೆ ಟೋಸ್ಟ್ ಆಗಿ ಬರುತ್ತಿತ್ತು. ಥರ್ಮಾಮೀಟರ್ ಇಲ್ಲ, ಗಡಿಯಾರವೂ ಇಲ್ಲ. ಒಂದು ಚಿಟಿಕೆ ಮೈದಾ ಭಟ್ಟಿಯ ನೆಲದ ಮೇಲೆ ಒಗೆಯುತ್ತಿದ್ದ. ಅದು ತಕ್ಷಣ ಕರ್ರಗಾದರೆ ನಮ್ಮ ಕಡೆ ತಿರುಗಿ, "ಜರಾ ಠೈರೋ ಬೇಟಾ" ಅನ್ನುತ್ತಿದ್ದ. ನಿಧಾನಕ್ಕೆ ಕೆಂಪಾದರೆ ನಮ್ಮ ತಗಡು ಒಳಗೆ.

ಚಾಚಾ ಭಟ್ಟಿಗೆ ತಾನೇ ಹೊಂದಿಕೊಳ್ಳುತ್ತಿದ್ದ. ನಾನು 28 ಲೀಟರಿನ ಓವನ್ ತಂದು, ಗುಂಡಿ ತಿರುಗಿಸಿ, ಕಲಬುರಗಿಯ ಬೇಸಿಗೆ ನನ್ನ ಮಾತು ಕೇಳಲಿ ಅಂತ ಕೂತಿದ್ದೆ.

ಡಾಲ್ಡಾದ ಬಗ್ಗೆಯೂ ಒಂದು ಮಾತು. ಅವ್ವ ನಾನಕಟಾಯಿಗೆ ತುಪ್ಪ ಬಿಟ್ಟು ಡಾಲ್ಡಾ ಕೊಡುತ್ತಿದ್ದುದು ಬರೀ ದುಡ್ಡು ಉಳಿಸಲು ಅಂತ ನಾನು ತಿಳಿದಿದ್ದೆ. ಅದೂ ಇತ್ತು. ಆದರೆ ನಮ್ಮೂರಿನ ಸೆಕೆಗೆ ಡಾಲ್ಡಾ ತುಪ್ಪದಷ್ಟು ಬೇಗ ಸೋಲುವುದಿಲ್ಲ. ಉಂಡೆ ಉಂಡೆಯಾಗಿಯೇ ಇರುತ್ತದೆ. ಆರೋಗ್ಯದ ಲೆಕ್ಕದಲ್ಲಿ ಅದು ಬಹಳ ಕೆಟ್ಟದ್ದು ಅಂತ ಆಮೇಲೆ ಗೊತ್ತಾಯಿತು. 2022ರಿಂದ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ ನೂರಕ್ಕೆ 2ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮವೇ ಬಂದಿದೆ. ನಾನು ಮನೆಗೆ ತರುವುದಿಲ್ಲ. ಆದರೂ ಆ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ಘಮ ಮರೆತಿಲ್ಲ.

ಬ್ರೆಡ್ಡಿನ ಕಥೆ ಇನ್ನೂ ದೊಡ್ಡದು. ಹಿಟ್ಟು ಒಂದೂವರೆ ಗಂಟೆ ಬಿಡಿ, ಎರಡರಷ್ಟು ಉಬ್ಬಲಿ ಅಂತ ವಿಡಿಯೋದಲ್ಲಿ ಹೇಳಿದರು. ಬೇಕಾದರೆ ಬೆಚ್ಚಗಿನ ಜಾಗದಲ್ಲಿ ಇಡಿ ಅಂತಲೂ ಹೇಳಿದರು. ಮೇ ತಿಂಗಳ ಕಲಬುರಗಿಯಲ್ಲಿ ಬೆಚ್ಚಗಿನ ಜಾಗ ಹುಡುಕುವುದು! ನಮ್ಮ ಹಿಟ್ಟು ಅರ್ಧ ಗಂಟೆಯೊಳಗೆ ಎರಡರಷ್ಟಾಯಿತು. ನಾನು ವಿಡಿಯೋ ನಂಬಿ ಇನ್ನೂ ಒಂದು ಗಂಟೆ ಬಿಟ್ಟೆ. ಅದು ಬಟ್ಟಲು ದಾಟಿ ಕಟ್ಟೆಗೆ ಇಳಿದು, ಹೆಂಡದ ವಾಸನೆ ಹೊಡೆಯುತ್ತಾ, ನಡುವೆ ಕುಸಿದು ಮಲಗಿತ್ತು. ಯೀಸ್ಟ್ ಜೀವ ಇರುವ ವಸ್ತು. ಸೆಕೆ ಜಾಸ್ತಿಯಾದರೆ ಅದರ ಕೆಲಸ ಜೋರಾಗುತ್ತದೆ. ಹಿಟ್ಟಿನಲ್ಲಿದ್ದ ಸಕ್ಕರೆ ಬೇಗ ತಿಂದು ಮುಗಿಸುತ್ತದೆ. ಹಿಟ್ಟು ಹಿಗ್ಗಿ ಹಿಗ್ಗಿ ಬಲ ಕಳೆದುಕೊಂಡು ಗಾಳಿ ಬಿಟ್ಟುಬಿಡುತ್ತದೆ.

ಇದಕ್ಕೆ ದಾರಿ ಸಿಕ್ಕಿದ್ದು ವಿಡಿಯೋದಲ್ಲಿ ಅಲ್ಲ, ಆಫೀಸಿನ ಟೈಮಿನಲ್ಲಿ. ಏಪ್ರಿಲ್, ಮೇ ಬಂತಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ಕಾರವೇ ಬಿಸಿಲಿಗೆ ಮಣಿದು ಹೊತ್ತು ಬದಲಿಸುತ್ತದೆ ಅಂದಮೇಲೆ ನನ್ನ ಬ್ರೆಡ್ಡಿಗೆ ಏನು ದೊಡ್ಡಸ್ತಿಕೆ? ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೆ ಹಿಟ್ಟು ನಾದುತ್ತೇನೆ. ಯೀಸ್ಟ್ ಅರ್ಧ. ನೀರು ಗಡಗಿಯದು. ನಮ್ಮ ಒಣ ಸೆಕೆಗೆ ಮಣ್ಣಿನ ಗಡಗಿಯಷ್ಟು ಚೆನ್ನಾಗಿ ಕೆಲಸ ಮಾಡುವ ವಸ್ತು ಬೇರೆ ಇಲ್ಲ. ಮೈಯೆಲ್ಲ ಬೆವರಿ, ಆ ಬೆವರು ಆರುತ್ತಾ ಒಳಗಿನ ನೀರನ್ನು ತಣ್ಣಗೆ ಮಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದು ಇಷ್ಟು ಓಡುವುದಿಲ್ಲ. ಇನ್ನೊಂದು, ನಮ್ಮ ಅಡುಗೆಮನೆಯ ಕಟ್ಟೆ ಶಹಾಬಾದ್ ಪರಸಿಯದು. ರಾತ್ರಿಯ ತಂಪು ಬೆಳಗಿನವರೆಗೂ ಆ ಕಲ್ಲಿನಲ್ಲಿ ಉಳಿದಿರುತ್ತದೆ. ಅದರ ಮೇಲೆ ಹಿಟ್ಟು ನಾದಿದರೆ ಕೈಗೆ ಗೊತ್ತಾಗುತ್ತದೆ. ಬಿಳಿ ಅಡುಗೆಮನೆಯವರು ಇದಕ್ಕಾಗಿ ಮಾರ್ಬಲ್ ಹಲಗೆ ಕೊಳ್ಳುತ್ತಾರೆ. ನಮಗೆ ಮನೆ ಕಟ್ಟುವಾಗಲೇ ಬಂದಿದೆ.

ಎಂಟು ಗಂಟೆಗೆ ಬ್ರೆಡ್ಡು ಹೊರಗೆ. ಆಮೇಲೆ ಓವನ್ ಮುಟ್ಟುವುದಿಲ್ಲ. ಮಧ್ಯಾಹ್ನ ಅದನ್ನು ಹಚ್ಚಿದರೆ ಮನೆಯವರು ನನ್ನನ್ನು ಹೊರಗೆ ಹಾಕುತ್ತಾರೆ.

ಅವ್ವನಿಗೆ ಇದ್ಯಾವುದೂ ಹೊಸದಲ್ಲ. ಬ್ಯಾಸಗಿ ಬಂತಂದರೆ ಅವಳ ಕೆಲಸದ ಪಟ್ಟಿ ಬೇರೆ. ಶಾವಿಗೆ, ಸಂಡಿಗೆ, ಹಪ್ಪಳ, ಕುರುಡಗಿ. ಎಲ್ಲ ಬಿಸಿಲು ಬೇಡುವ ಪದಾರ್ಥಗಳು. ಮಾಳಗಿ ಮೇಲೆ ಹಳೆ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಹರಡಿದರೆ ಸಂಜೆಯೊಳಗೆ ಗರಿಗರಿ. ಎಳ್ಳಮಾವಾಸ್ಯೆ ಚಳಿಗೆ ಸಜ್ಜಿ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ. ಡಿಸೆಂಬರಿನಲ್ಲಿ ಯಾರೂ ಸಂಡಿಗೆ ಹಾಕುವುದಿಲ್ಲ. ಹಾಕಬಾರದು ಅಂತ ಎಲ್ಲೂ ಬರೆದಿಲ್ಲ, ಆದರೂ ಹಾಕುವುದಿಲ್ಲ. ನಾನೋ ಮೇ ತಿಂಗಳಲ್ಲಿ ಬೆಣ್ಣೆ ಬಿಸ್ಕಿಟ್, ಜನವರಿಯಲ್ಲಿ ಐಸ್‌ಕ್ರೀಮ್ ಅಂತ ಮೊಬೈಲ್ ತೋರಿಸಿದ್ದನ್ನೆಲ್ಲ ಮಾಡುತ್ತಿದ್ದೆ. ಮೊಬೈಲಿಗೆ ಋತು ಇಲ್ಲ.

ಕೇಕಿಗೆ ಬರುತ್ತೇನೆ. ಓವನ್ ಬರುವ ಮುಂಚೆ ಕುಕ್ಕರ್‌ನಲ್ಲೇ ಮಾಡಿದ್ದು. ಸೀಟಿ ತೆಗೆದು, ರಬ್ಬರ್ ತೆಗೆದು, ತಳಕ್ಕೆ ದಪ್ಪ ಉಪ್ಪು ಹಾಸಿ, ಒಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಅದರ ಮೇಲೆ ಡಬ್ಬಿ. ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ಮೊಸರು, ಸೋಡಾ ಎರಡರ ಮೇಲೇ ಭಾರ. ಮೊಸರಿನ ಹುಳಿ ಸೋಡಾಕ್ಕೆ ತಾಗಿದಾಗ ಗುಳ್ಳೆ ಬರುತ್ತದೆ, ಕೇಕ್ ಏಳುವುದು ಆ ಗುಳ್ಳೆಯಿಂದ. ಇಲ್ಲೂ ಅದೇ ಪೇಚು. ಅರ್ಧ ಕಪ್ ಮೊಸರು ಅಂತ ರೆಸಿಪಿ ಹೇಳುತ್ತದೆ. ಯಾವ ಊರಿನ ಮೊಸರು? ನಮ್ಮಲ್ಲಿ ಬೇಸಿಗೆಗೆ ನಾಲ್ಕು ತಾಸಿನಲ್ಲಿ ಮೊಸರು ಹೆಪ್ಪಾಗಿ, ಸಂಜೆಗೆ ಕಣ್ಣು ಮುಚ್ಚುವಷ್ಟು ಹುಳಿ. ಅಂಥ ಮೊಸರಿಗೆ ಸೋಡಾ ತಾಗಿದ ಕೂಡಲೇ ಬುಸ್ಸೆಂದು ಉಕ್ಕುತ್ತದೆ. ಆಮೇಲೆ ನೀವು ಮಾತಾಡುತ್ತಾ, ಡಬ್ಬಿಗೆ ತುಪ್ಪ ಸವರುತ್ತಾ ನಿಂತರೆ ಗುಳ್ಳೆಯೆಲ್ಲ ಹಾರಿಹೋಗಿರುತ್ತದೆ. ಡಬ್ಬಿ ಮೊದಲೇ ಸವರಿ ಇಡಬೇಕು. ಕಲಸಿದ ಮರುಕ್ಷಣ ಒಳಗೆ ಹೋಗಬೇಕು. ಕಡಿಮೆ ಏಳುತ್ತದೆ ಅಂತ ಸೋಡಾ ಜಾಸ್ತಿ ಹಾಕಿದಿರೋ, ಸಾಬೂನಿನ ರುಚಿ.

ಒಂದು ಸಲ ಮಗಳ ಹುಟ್ಟುಹಬ್ಬ. ಓವನ್‌ನಲ್ಲಿ ಕೇಕ್ ಅರ್ಧ ಬೆಂದಿತ್ತು. ಕರೆಂಟ್ ಹೋಯಿತು. ಇನ್ವರ್ಟರ್ ಫ್ಯಾನ್ ತಿರುಗಿಸುತ್ತದೆ, ಓವನ್ ಎಳೆಯುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂದಾಗ ಕೇಕಿನ ನಡುವೆ ಅಂಗೈ ಅಗಲದ ಗುಂಡಿ. ಗುಳ್ಳೆಗಳ ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಕಾವು ಹೋದರೆ ಹಾಗೇ ಆಗುತ್ತದೆ. ಮಗಳ ಮುಖ ನೋಡುವ ಹಾಗಿರಲಿಲ್ಲ. ನಾನು ಬೇಕರಿಗೆ ಹೋಗಲು ಚಪ್ಪಲಿ ಹಾಕಿದ್ದೆ. ಅಷ್ಟರಲ್ಲಿ ಅವ್ವ ಅದನ್ನು ಪರಾತಕ್ಕೆ ಸುರಿದು, ಹಸಿ ಉಳಿದದ್ದನ್ನು ಹಂಚಿನ ಮೇಲೆ ಬಾಡಿಸಿ, ಎರಡೂ ಕೈಯಿಂದ ತಿಕ್ಕಲು ಶುರು ಮಾಡಿದ್ದಳು. ಒಣ ಕೊಬ್ಬರಿ, ಗಸಗಸೆ, ಪುಟಾಣಿ, ಒಂದಿಷ್ಟು ಬೆಲ್ಲ, ಮೇಲೆ ಬಿಸಿ ತುಪ್ಪ. ಕೇಕ್ ಮಾಲ್ದಿ ಆಯಿತು.

ಕಲಬುರಗಿಯವರಿಗೆ ಮಾಲ್ದಿ ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ: ಗೋಧಿಯ ಚಪಾತಿ ಸುಟ್ಟು, ತಿಕ್ಕಿ ತಿಕ್ಕಿ ತರಿತರಿ ಪುಡಿ ಮಾಡಿ, ಬೆಲ್ಲ ತುಪ್ಪ ಕಲಸುವ ಸಿಹಿ. ಬೇರೆ ಕಡೆ ಮಾದಲಿ ಅನ್ನುತ್ತಾರೆ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಊರಿನ ತುಂಬ ಇದರದೇ ಘಮ. ಅತ್ತ ದರ್ಗಾದ ಕಡೆ ಫಾತಿಹಾಕ್ಕೆ ಮಲೀದಾ ಅಂತ ಮಾಡುತ್ತಾರೆ. ಅದೂ ರೊಟ್ಟಿ ತಿಕ್ಕಿ, ಸಿಹಿ ತುಪ್ಪ ಕಲಸಿದ್ದೇ. ಹೆಸರು ಕೇಳಿದರೂ ತಿಂದು ನೋಡಿದರೂ ಎರಡೂ ಅಕ್ಕ ತಂಗಿ ಅನ್ನಿಸುತ್ತದೆ. ಆ ದಿನ ಮಗಳು ಮಾಲ್ದಿಯನ್ನು ದುಂಡಗೆ ಒತ್ತಿ, ಮೇಲೆ ಮೇಣದಬತ್ತಿ ಚುಚ್ಚಿದಳು. ಬತ್ತಿ ವಾಲಿತು. ಯಾರಿಗೂ ಬೇಜಾರಾಗಲಿಲ್ಲ.

ಹಾಗಂತ ಓವನ್ ಇಲ್ಲದ ದಿನ ನಮ್ಮ ನಾಲಿಗೆ ಸುಮ್ನೆ ಇರುತ್ತದೆ ಅಂತಲ್ಲ. ನಿಜ ಹೇಳಬೇಕೆಂದರೆ, ಜ್ವರ ಬಂದು ಬಿಟ್ಟ ಮರುದಿನ ನನಗೆ ಕೇಕ್ ನೆನಪಾಗುವುದಿಲ್ಲ. ಮುಟಗಿ ನೆನಪಾಗುತ್ತದೆ. ಹಂಚಿನಿಂದ ತೆಗೆದ ಬಿಸಿ ಜೋಳದ ರೊಟ್ಟಿ ಚೂರು ಮಾಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರ ಹಾಕಿ ಒರಳಲ್ಲಿ ಕುಟ್ಟಿ, ತುಪ್ಪ ಬಿಟ್ಟು ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡುವುದು. ಬೆರಳಿನ ಗುರುತು ಅದರ ಮೇಲೆ ಹಾಗೇ ಉಳಿದಿರುತ್ತದೆ. ಆರಿದ ರೊಟ್ಟಿಯಲ್ಲಿ ಅದು ಆಗುವುದಿಲ್ಲ. ಕೈ ಸುಡಬೇಕು.

ಈ ಜೋಳದಿಂದಲೇ ನನ್ನ ಬೇಕಿಂಗ್ ಸ್ವಲ್ಪ ಹಾದಿಗೆ ಬಂತು. ಅವ್ವ ರೊಟ್ಟಿಗೆ ಎಸರು ಕುದಿಸಿ ಹಿಟ್ಟಿಗೆ ಹಾಕುವುದನ್ನು ಐವತ್ತು ವರ್ಷದಿಂದ ನೋಡಿದ್ದೇನೆ, ಯಾಕೆ ಅಂತ ಕೇಳಿರಲಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ಗ್ಲುಟೆನ್ ಅನ್ನುತ್ತಾರಲ್ಲ, ಅದು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಜಿಗಿ ಬರುತ್ತದೆ. ಆ ಜಿಗಿಯಿಂದಲೇ ರೊಟ್ಟಿ ಒಡೆಯದೆ ಬಡಿಯಲು ಬರುತ್ತದೆ. ಹಳೇ ಹಿಟ್ಟಾದರೆ ಎಸರು ಹಾಕಿದರೂ ಬಿರಿಯುತ್ತದೆ. ಬ್ರೆಡ್ಡಿಗೆ ಜೋಳ ಅದಕ್ಕೇ ಒಗ್ಗುವುದಿಲ್ಲ, ನಾನು ಎರಡು ಸಲ ಇಟ್ಟಿಗೆ ಮಾಡಿ ಕಲಿತೆ. ಆದರೆ ನಾನಕಟಾಯಿಗೆ ಬೇಕಾಗಿರುವುದೇ ಅಂಟು ಇಲ್ಲದ ಹಿಟ್ಟು! ಬಾಯಲ್ಲಿಟ್ಟರೆ ಉದುರಬೇಕು. ರೊಟ್ಟಿಗೆ ಕೊರತೆಯಾದದ್ದು ಬಿಸ್ಕಿಟ್ಟಿಗೆ ಗುಣ.

ಈಗ ಮನೆಯಲ್ಲಿ ನಡೆಯುವ ಅಳತೆ ಇದು. ಹೊಸದಾಗಿ ಬೀಸಿಸಿದ ಮಾಲ್ದಂಡಿ ಜೋಳದ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 50, ಕಡಲೆ ಹಿಟ್ಟು 30. ಪುಡಿ ಸಕ್ಕರೆ 90. ತುಪ್ಪ 110, ಗಟ್ಟಿಯಾಗಿ ಹರಳು ಕಟ್ಟಿರಬೇಕು. ಏಲಕ್ಕಿ, ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಸೋಡಾ. ತುಪ್ಪ ಸಕ್ಕರೆ ಅಂಗೈಯಿಂದ ಬೆಳ್ಳಗಾಗುವವರೆಗೆ ತಿಕ್ಕಿ, ಹಿಟ್ಟು ಸೇರಿಸಿ, ನಾದದೆ ಬರೀ ಕೂಡಿಸಿ ಉಂಡೆ ಕಟ್ಟಬೇಕು. 160 ಡಿಗ್ರಿಯಲ್ಲಿ 20 ನಿಮಿಷ. ಮೇಲೆ ಬಿರುಕು ಬಿಟ್ಟರೆ ಸರಿ. ಹೊರಗೆ ತೆಗೆದಾಗ ಮೆತ್ತಗಿರುತ್ತದೆ, ಗಾಬರಿಯಾಗಿ ಮತ್ತೆ ಒಳಗೆ ಇಡಬೇಡಿ. ಆರಿದ ಮೇಲೆ ಗಟ್ಟಿಯಾಗುತ್ತದೆ.

ಇದನ್ನು ಮಾಡಲು ನಮ್ಮೂರಿನಲ್ಲಿ ಒಳ್ಳೆ ಕಾಲ ಎಳ್ಳಮಾವಾಸ್ಯೆಯ ಆಸುಪಾಸು. ಆಗ ಬೆಳಗಿನ ಚಳಿಗೆ ತುಪ್ಪ ಡಬ್ಬಿಯಲ್ಲೇ ಹರಳು ಕಟ್ಟಿರುತ್ತದೆ. ಆ ನಾಲ್ಕಾರು ವಾರ ನಮ್ಮ ಅಡುಗೆಮನೆ ವಿಡಿಯೋದವರ ಅಡುಗೆಮನೆಗೆ ಸಮ. ಉಳಿದ ದಿನಗಳಲ್ಲಿ ಮಾಡಲೇಬೇಕು ಅನ್ನಿಸಿದರೆ ಕಲಸಿದ ಹಿಟ್ಟನ್ನು ನಲವತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಆಮೇಲೆ ಉಂಡೆ ಕಟ್ಟುತ್ತೇನೆ. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಫ್ರಿಜ್ಜಿನ ಸಾಲಿನ ಕೆಳಗೆ ಎರಡು ಗೆರೆ ಎಳೆದು, "ಮರೆಯಬಾರದು" ಅಂತಲೂ ಬರೆದಿದ್ದೇನೆ. ಮಗಳು ಓದಲು ಬೆಂಗಳೂರಿಗೆ ಹೋದಾಗ ಆ ಪುಟದ ಫೋಟೋ ತೆಗೆದುಕೊಂಡು ಹೋದಳು.

ಹೋದ ವರ್ಷ ಜುಲೈನಲ್ಲಿ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದಳು. ಗೆಳತಿಯ ಚಿಕ್ಕ ಓವನ್ ತಂದಿದ್ದಳು. ಹಿಟ್ಟಿನ ಉಂಡೆ ಎತ್ತಿ ತೋರಿಸಿದಳು. ಕಲ್ಲು. ಒತ್ತಿದರೆ ಒಡೆದು ಪುಡಿಯಾಗಿ ಬೀಳುತ್ತಿತ್ತು.

"ಅಪ್ಪಾ, ನೀನು ಬರೆದ ಹಾಗೇ ಮಾಡಿದ್ದೀನಿ. ನಲವತ್ತು ನಿಮಿಷ ಫ್ರಿಜ್ಜಲ್ಲಿಟ್ಟೆ. ಎರಡು ಗೆರೆ ಬೇರೆ ಎಳೆದಿದ್ದೀಯಲ್ಲ."

ಅವಳ ಹಿಂದಿನ ಕಿಟಕಿಯಲ್ಲಿ ಮಳೆ ಸುರಿಯುತ್ತಿತ್ತು. ಅವಳು ಸ್ವೆಟರ್ ಹಾಕಿದ್ದಳು. ಅಲ್ಲಿ ತುಪ್ಪಕ್ಕೆ ಫ್ರಿಜ್ಜೇ ಬೇಕಿರಲಿಲ್ಲ. ನನಗೆ ಆ ಹಿಮ ಬೀಳುವ ಬಿಳಿ ಅಡುಗೆಮನೆ ನೆನಪಾಗಿ ನಗು ಬಂತು. ಅವಳಿಗೆ ಸಿಟ್ಟು ಬಂತು.

ಪಕ್ಕದಲ್ಲಿ ಕೂತಿದ್ದ ಅವ್ವ, "ಮಾಳಗಿ ಮ್ಯಾಲ ಬಿಸಲಾಗ ಹತ್ತು ನಿಮಿಷ ಇಡು ಅನ್ನು" ಅಂದಳು.

"ಅಲ್ಲಿ ಬಿಸಿಲಿಲ್ಲವ್ವ. ವಾರದಿಂದ ಮಳೆಯಂತೆ."

"ಹಂಗಾರ ಕೈಯಾಗ ಹಿಡ್ಕೊಂಡು ಕೂಡು ಅನ್ನು."

ಮಗಳು ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಹಿಟ್ಟನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು ಕೂತಳು. ಅವ್ವ ಅವಳನ್ನು ಊಟದ ಬಗ್ಗೆ ಕೇಳಿದಳು, ರೂಮಿನ ಗೋಡೆ ಸೋರುತ್ತಿದೆಯಾ ಅಂತ ಕೇಳಿದಳು, ಕೂದಲು ಯಾಕೆ ಅಷ್ಟು ಸಣ್ಣ ಮಾಡಿಸಿದಿ ಅಂತ ಬೈದಳು. ಬೇರೆ ದಿನ ಆಗಿದ್ದರೆ ಎರಡು ನಿಮಿಷಕ್ಕೆ, "ಆಯ್ತು ಅಜ್ಜಿ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಿದ್ದಳು. ಆ ದಿನ ಫೋನ್ ಇಡಲು ಅವಳ ಕೈ ಖಾಲಿ ಇರಲಿಲ್ಲ.